ಚಿಕಿತ್ಸೆ ಮುಗಿದ ಮೇಲಿನ ದಾರಿ

ಫಜ್ರ್ ನಮಾಝ್ ಮುಗಿಸಿದ ತಂಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಟ್ಟೆಯ ಚೀಲವನ್ನು ಇಳಿಸಿದಳು. ನಿಪ್ಪಾಣಿಯ ಆ ಎರಡು ಕೋಣೆಯ ಮನೆಯಲ್ಲಿ ಆ ಚೀಲಕ್ಕೆ ಪೆಟ್ಟಿಗೆಯೊಳಗಿನ ಬಂಗಾರಕ್ಕಿಂತ ಹೆಚ್ಚಿನ ಕಾವಲು. ಅದರಲ್ಲಿ ಹದಿನಾಲ್ಕು ವರ್ಷಗಳ ಕಾಗದಗಳಿವೆ: ಸ್ಕ್ಯಾನ್ ಚಿತ್ರಗಳು, ರಕ್ತ ಪರೀಕ್ಷೆಯ ಚೀಟಿಗಳು, ಯಾವ ದಿನ ಯಾವ ಔಷಧಿ ಎಷ್ಟು ಕೊಟ್ಟರು ಎಂಬ ಲೆಕ್ಕ. ಅವಳ ಮಗನಿಗೆ ಈಗ ಹದಿನೇಳು ವರ್ಷ. ಮೂರು ವರ್ಷದವನಿದ್ದಾಗ ಅವನ ಎಡ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು.

ಪ್ರತಿವರ್ಷ ಈ ಚೀಲದೊಂದಿಗೆ ಅವರು ತಪಾಸಣೆಗೆ ಹೊರಡುತ್ತಾರೆ. ಈ ಸಲ ನಾನೂ ಜೊತೆಯಾದೆ. ನಿಪ್ಪಾಣಿಯಿಂದ ಚಿಕ್ಕೋಡಿ, ಕಾಗವಾಡದ ಮೇಲೆ ಮಿರಜ. ಮರಳುವಾಗ ಅಥಣಿಯಲ್ಲೊಂದು ಮನೆಗೆ ಹೋಗಿ, ಅಲ್ಲಿಂದ ರಾಯಬಾಗದ ನನ್ನ ಮನೆಗೆ. ಎರಡು ದಿನಗಳ ಸಣ್ಣ ಪ್ರಯಾಣ. ಈ ದಾರಿಯ ಕಥೆಯನ್ನು ಓದುಗ ಸಹೋದರಿಯರಿಗೆ ಹೇಳಬೇಕೆನಿಸಿತು. ಏಕೆಂದರೆ ಮಕ್ಕಳ ಕ್ಯಾನ್ಸರ್ ಬಗ್ಗೆ ಮಾತನಾಡುವವರೆಲ್ಲ ಚಿಕಿತ್ಸೆಯ ಬಗ್ಗೆ ಮಾತನಾಡುತ್ತಾರೆ. ಚಿಕಿತ್ಸೆ ಮುಗಿದ ಮೇಲೂ ಒಂದು ದಾರಿ ಇದೆ ಎಂದು ಹೇಳುವವರು ಕಡಿಮೆ.

ಬೀಡಿಯ ಊರಿನಲ್ಲಿ

ನಿಪ್ಪಾಣಿ ತಂಬಾಕಿನ ಊರು. 1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲೇ ಕುಳಿತು ಚಳವಳಿ ಮಾಡಿದ್ದು ಇಲ್ಲಿಯೇ. ಇಲ್ಲಿ ಸಾವಿರಾರು ಹೆಣ್ಣುಮಕ್ಕಳ ಕೈ ಬೀಡಿ ಕಟ್ಟಿಯೇ ಸವೆದಿದೆ. ತಂಗಿಯ ಅತ್ತೆಯೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿಯೇ ಮನೆ ನಡೆಸಿದವರು.

2011ರಲ್ಲಿ ಮೊಮ್ಮಗನಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಬದಿಯಲ್ಲಿ ಗಟ್ಟಿಯಾದ ಗಡ್ಡೆ ಅವರ ಕೈಗೆ ತಗಲಿತು. ಹುಡುಗನಿಗೆ ನೋವಿರಲಿಲ್ಲ, ಜ್ವರವಿರಲಿಲ್ಲ, ಆಟವಾಡಿಕೊಂಡೇ ಇದ್ದ. ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್ ಬಹಳಷ್ಟು ಮನೆಗಳಲ್ಲಿ ಹೀಗೆಯೇ ಪತ್ತೆಯಾಗುತ್ತದೆ: ಸ್ನಾನ ಮಾಡಿಸುವಾಗ, ಬಟ್ಟೆ ತೊಡಿಸುವಾಗ, ತಾಯಿಯ ಅಥವಾ ಅಜ್ಜಿಯ ಕೈಗೆ. ಅಂಥ ಗಡ್ಡೆಯನ್ನು ಒತ್ತಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು, ತಡಮಾಡದೆ ಡಾಕ್ಟರರಿಗೆ ತೋರಿಸಬೇಕು.

ಕ್ಯಾನ್ಸರ್ ಎಂದು ತಿಳಿದ ದಿನ ಆ ಅಜ್ಜಿ ಬೀಡಿಯ ಮೊರವನ್ನು ಅಂಗಳಕ್ಕೆ ಎಸೆದರಂತೆ. ‘ನನ್ನ ತಂಬಾಕಿನ ಧೂಳೇ ಕೂಸಿನ ಹೊಟ್ಟೆ ಸೇರಿತು’ ಎಂಬ ಕೊರಗು ಅವರನ್ನು ವರ್ಷಗಟ್ಟಲೆ ತಿಂದಿತು. ತಂಬಾಕು ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ಕಾರಣ ಎಂಬುದು ನಿಜ. ಆದರೆ ಎಳೆಯ ಮಕ್ಕಳ ಈ ಗಡ್ಡೆಯ ಬಗೆ ಬೇರೆ. ಮಗು ಗರ್ಭದಲ್ಲಿ ಬೆಳೆಯುವಾಗ ಮೂತ್ರಪಿಂಡವಾಗಬೇಕಿದ್ದ ಜೀವಕೋಶಗಳ ಬೆಳವಣಿಗೆಯಲ್ಲಿ ಆಗುವ ವ್ಯತ್ಯಾಸದಿಂದ ಅದು ಹುಟ್ಟುತ್ತದೆ. ತಾಯಿ ತಿಂದದ್ದಾಗಲಿ, ಅಜ್ಜಿ ದುಡಿದದ್ದಾಗಲಿ ಅದಕ್ಕೆ ಹೊಣೆಯಲ್ಲ. ಮುಂಬಯಿಯ ಡಾಕ್ಟರರು ಇದನ್ನು ಬಿಡಿಸಿ ಹೇಳಿದ ಮೇಲೂ ಅಜ್ಜಿಗೆ ಸಮಾಧಾನವಾಗಲು ಬಹಳ ದಿನ ಹಿಡಿಯಿತು. ಇಂದಿಗೂ ಮೊಮ್ಮಗ ಹೊರಡುವಾಗ ಅವನ ತಲೆಯ ಮೇಲೆ ಕೈಯಿಟ್ಟು ದುಆ ಮಾಡದೆ ಕಳಿಸುವುದಿಲ್ಲ.

ಚಿಕ್ಕೋಡಿಯ ಬಸ್ಸಿನಲ್ಲಿ

‘ಎಲ್ಲಿಗ್ರಿ ಅಕ್ಕಾರ?’ ಎಂದು ಕೇಳಿದ ಕಂಡಕ್ಟರ್. ‘ಮಿರಜಕ್ಕ ಮೂರು ಕೊಡ್ರಿ.’ ಅವನು ತಂಗಿಯ ಕೈಯಲ್ಲಿದ್ದ ಚೀಲ ನೋಡಿದ. ಈ ದಾರಿಯ ಕಂಡಕ್ಟರುಗಳಿಗೆ ಅಂಥ ಚೀಲಗಳ ಗುರುತು ಚೆನ್ನಾಗಿಯೇ ಇದೆ. ಮಿರಜ ಆಸ್ಪತ್ರೆಗಳ ಊರು.

ಚಿಕ್ಕೋಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿನ ಬಂಧುಗಳನ್ನು ನೆನೆಯದೆ ಮುಂದೆ ಹೋಗಲಾಗದು. ಮೊದಲ ಸಲ ಮುಂಬಯಿಗೆ ಹೋಗುವಾಗ ಹಣ ಹೊಂದಿಸಿಕೊಟ್ಟವರಲ್ಲಿ ಅವರೇ ಹೆಚ್ಚು. ಕೆಲವರು ಝಕಾತ್‌ನ ಹಣ ಕೊಟ್ಟರು, ಕೆಲವರು ಸಾಲವಾಗಿ ಕೊಟ್ಟು ಕೇಳುವುದನ್ನೇ ಮರೆತರು. ಪಕ್ಕದ ಮನೆಯ ಲಿಂಗಾಯತ ಕುಟುಂಬದ ಇಬ್ಬರು ಗಂಡುಮಕ್ಕಳು ರಕ್ತ ಕೊಟ್ಟರು. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರಿದ್ದಾರೆ, ಸಾಲದಲ್ಲಿ ಮುಳುಗಿದವರಿದ್ದಾರೆ, ದಾರಿಯಲ್ಲಿ ಕೈಬರಿದಾದ ಪ್ರಯಾಣಿಕರಿದ್ದಾರೆ. ಕಾಯಿಲೆಯ ಮಗುವನ್ನೆತ್ತಿಕೊಂಡು ಪರಊರಿಗೆ ಹೊರಟ ಬಡ ತಾಯಿ ತಂದೆಯರು ಹಲವು ಸಲ ಈ ಮೂರೂ ಆಗಿರುತ್ತಾರೆ.

ಮುಂಬಯಿ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಆರಂಭವಾದದ್ದು. ಅಲ್ಲಿ ಹುಡುಗನ ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆದರು. ತೆಗೆದ ಭಾಗವನ್ನು ಪರೀಕ್ಷಿಸಿದಾಗ ಅದು ಸಾಮಾನ್ಯವಾಗಿ ಕಾಣುವ ವಿಲ್ಮ್ಸ್ ಗಡ್ಡೆಯಲ್ಲ, ಕ್ಲಿಯರ್ ಸೆಲ್ ಸಾರ್ಕೋಮಾ ಎಂದು ಗೊತ್ತಾಯಿತು.

ಈ ಹೆಸರುಗಳನ್ನು ಸ್ವಲ್ಪ ವಿವರಿಸಬೇಕು. ವಿಲ್ಮ್ಸ್ ಗಡ್ಡೆಗೆ ಆ ಹೆಸರು ಬಂದದ್ದು 1899ರಲ್ಲಿ ಅದರ ಬಗ್ಗೆ ಗ್ರಂಥ ಬರೆದ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರಿಂದ. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಅದು ಬರುತ್ತದೆ. ಒಂದು ಕಾಲಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರು ತೀರಿಹೋಗುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಸಿಡ್ನಿ ಫಾರ್ಬರ್ ಆಕ್ಟಿನೋಮೈಸಿನ್ ಎಂಬ ಔಷಧಿಯನ್ನು ಬಳಸತೊಡಗಿದ ಮೇಲೆ ಚಿತ್ರ ಬದಲಾಯಿತು. ಈಗ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಕ್ಲಿಯರ್ ಸೆಲ್ ಸಾರ್ಕೋಮಾ ಇದಕ್ಕಿಂತ ಬಹಳ ಅಪರೂಪ. ಮಕ್ಕಳ ಮೂತ್ರಪಿಂಡದ ಗಡ್ಡೆಗಳಲ್ಲಿ ನೂರಕ್ಕೆ ಮೂರರಿಂದ ಐದು ಮಾತ್ರ. ಅದು ಬೇರೆಯೇ ರೋಗ ಎಂದು ವೈದ್ಯರು ಗುರುತಿಸಿದ್ದು 1970ರ ದಶಕದಲ್ಲಿ. ಅದಕ್ಕೆ ಹೆಚ್ಚು ಬಲವಾದ ಔಷಧಿಗಳೂ ರೇಡಿಯೇಷನ್ನೂ ಬೇಕು. ಇಷ್ಟಾದರೆ ಇದರಲ್ಲಿಯೂ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಮಕ್ಕಳು ಐದು ವರ್ಷ ದಾಟಿದ್ದನ್ನು ವಿದೇಶದ ಅಧ್ಯಯನಗಳು ತೋರಿಸಿವೆ. ಆದರೆ ಅದಕ್ಕೊಂದು ಕೆಟ್ಟ ಗುಣವಿದೆ. ಎಲ್ಲ ಮುಗಿಯಿತು ಎಂದುಕೊಂಡ ಮೇಲೆ, ಎರಡು ಮೂರು ವರ್ಷಗಳ ನಂತರ, ಕೆಲವರಲ್ಲಿ ಐದು ವರ್ಷ ಕಳೆದ ಮೇಲೂ ಅದು ಮೂಳೆಯಲ್ಲೋ ಮಿದುಳಿನಲ್ಲೋ ಮತ್ತೆ ತಲೆಯೆತ್ತಬಹುದು.

ಮಾಂಜರಿಯ ಸೇತುವೆಯ ಮೇಲೆ

ಅಂಕಲಿ ದಾಟಿ ಮಾಂಜರಿ ಬಳಿ ಬಸ್ಸು ಕೃಷ್ಣಾ ನದಿಯ ಸೇತುವೆ ಏರಿತು. ಎರಡೂ ಕಡೆ ಕಬ್ಬು. ಚಳಿಗಾಲದಲ್ಲಿ ಈ ನದಿ ಎಷ್ಟು ಶಾಂತ! 2019ರ ಆಗಸ್ಟ್‌ನಲ್ಲಿ ಇದೇ ನದಿ ಊರುಗಳನ್ನೇ ನುಂಗಿತ್ತು. ಆಗ ವೇದಗಂಗೆಯ ನೀರು ಯಮಗರ್ಣಿ ಬಳಿ ಹೆದ್ದಾರಿಯ ಮೇಲೂ ಹರಿದು ಕೊಲ್ಹಾಪುರದ ದಾರಿಯೂ ಮುಚ್ಚಿತ್ತು. ಆ ತಿಂಗಳ ತಪಾಸಣೆ ತಪ್ಪಿತು. ನೀರು ಇಳಿದ ಮರುದಿನವೇ ತಂಗಿ ಆಸ್ಪತ್ರೆಗೆ ಫೋನ್ ಮಾಡಿ ಹೊಸ ದಿನಾಂಕ ಕೇಳಿದಳು. ‘ನೆರೆ ಬಂತು, ಇನ್ನು ಮುಂದಿನ ವರ್ಷ ನೋಡೋಣ’ ಎಂದು ಅವಳು ಕುಳಿತುಕೊಳ್ಳಲಿಲ್ಲ. ಅದಕ್ಕೆ ಕಾರಣವಿತ್ತು.

ಅದೇ ಕಾರಣವನ್ನು ಹುಡುಗ ಸೇತುವೆಯ ಮೇಲೆ ಕೇಳಿಬಿಟ್ಟ. ‘ಖಾಲಾ, ಎರಡನೇ ಸಲ ಬಂದಾಗ ಡಾಕ್ಟರರು ಏನು ಹೇಳಿದ್ದರು? ಅಮ್ಮಿ ಯಾವಾಗ ಕೇಳಿದರೂ ಮಾತು ಬದಲಿಸುತ್ತಾಳೆ.’

ನಾನು ತಂಗಿಯ ಮುಖ ನೋಡಿದೆ. ಅವಳು ಕಿಟಕಿಯ ಕಡೆ ತಿರುಗಿ, ಹೇಳು ಎನ್ನುವಂತೆ ತಲೆಯಾಡಿಸಿದಳು.

2012ರಲ್ಲಿ ಚಿಕಿತ್ಸೆ ಮುಗಿದಾಗ ಮನೆಯವರೆಲ್ಲ ಓಣಿಗೆ ಸಿಹಿ ಹಂಚಿದ್ದರು. 2014ರಲ್ಲಿ ಹುಡುಗನಿಗೆ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ ಶುರುವಾಯಿತು. ಮಧ್ಯಾಹ್ನ ಆಟವಾಡುತ್ತಿದ್ದ. ಹತ್ತಿರದಲ್ಲಿ ತೋರಿಸಿದಾಗ ಪಿತ್ತ ಎಂದರು, ಔಷಧಿ ಕೊಟ್ಟರು. ಆದರೆ ತಂಗಿಯ ಬಳಿ ಮುಂಬಯಿಯಲ್ಲಿ ಕೊಟ್ಟ ಒಂದು ಕಾಗದವಿತ್ತು. ಬೆಳಗಿನ ತಲೆನೋವು ಮತ್ತು ವಾಂತಿ, ಮೂಳೆ ನೋವು, ಕುಂಟುವುದು, ಬಿಡದ ಕೆಮ್ಮು, ಹೊಸ ಬಾವು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಬನ್ನಿ ಎಂದು ಅದರಲ್ಲಿ ಬರೆದಿತ್ತು. ಅವಳು ನಾಲ್ಕನೇ ದಿನ ರೈಲು ಹತ್ತಿದಳು. ಮಿದುಳಿನಲ್ಲಿ ಗಡ್ಡೆ ಇತ್ತು. ಮತ್ತೆ ಶಸ್ತ್ರಚಿಕಿತ್ಸೆ, ಬೇರೆ ಔಷಧಿಗಳ ಕೀಮೋ, ತಲೆಗೆ ರೇಡಿಯೇಷನ್.

‘ಈ ರೋಗ ಮರಳಿ ಬಂದ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಷ್ಟೇ ಉಳಿಯುತ್ತಾರೆ ಎಂದು ಹೇಳಿದ್ದರಪ್ಪ. ಆ ಒಬ್ಬನಾಗಲು ಪ್ರಯತ್ನಿಸೋಣ, ಉಳಿದದ್ದು ದೇವರ ಕೈಯಲ್ಲಿದೆ ಎಂದೂ ಹೇಳಿದ್ದರು.’

ಅವನು ಬಹಳ ಹೊತ್ತು ಸುಮ್ಮನಿದ್ದ. ಬಳಿಕ ತಾಯಿಯ ಮಡಿಲಿನಿಂದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ‘ಇನ್ನು ಮೇಲೆ ಇದನ್ನು ನಾನೇ ಹಿಡಿಯುತ್ತೇನೆ ಅಮ್ಮಿ.’ ತಂಗಿ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಹತ್ತು ವರ್ಷ ಅವನಿಂದ ಮುಚ್ಚಿಟ್ಟ ಮಾತು ಅದು. ಹೇಳಿದ ಮೇಲೆ ಅವಳಿಗೇ ಹಗುರಾದಂತೆ ಕಂಡಿತು.

ಕಾಗವಾಡ ದಾಟಿ ಮಿರಜಕ್ಕೆ

ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿಗೆ, ಕಾಗವಾಡ ಅಥಣಿ ತಾಲ್ಲೂಕಿಗೆ ಸೇರಿದ್ದವು. ಈಗ ಎರಡೂ ಸ್ವಂತ ತಾಲ್ಲೂಕುಗಳು. ಕಾಗವಾಡ ದಾಟಿದರೆ ಮಹಾರಾಷ್ಟ್ರ. ಅಂಗಡಿಯ ಬೋರ್ಡುಗಳು ಮರಾಠಿಗೆ ತಿರುಗುತ್ತವೆ, ಮಾತು ಮಾತ್ರ ಎರಡೂ ಕಡೆ ಬೆರೆತೇ ಇರುತ್ತದೆ. ರೋಗಿಗಳಿಗೆ ಈ ಗಡಿ ಎಂದೂ ಗೋಡೆಯಾಗಿಲ್ಲ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರರು ಮಿರಜದಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದಲೂ ನಮ್ಮ ಸೀಮೆಯ ಜನ ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋದವರೇ. ಸಿತಾರ್ ತಯಾರಿಸುವ ಮುಸ್ಲಿಮ್ ಕುಶಲಕರ್ಮಿಗಳ ಊರು ಎಂದೂ ಮಿರಜಕ್ಕೆ ಹೆಸರಿದೆ. ಇಂದು ಅಲ್ಲಿ ಕ್ಯಾನ್ಸರಿಗೇ ಮೀಸಲಾದ ಆಸ್ಪತ್ರೆಯಿದೆ. ನಿಪ್ಪಾಣಿಯವರಿಗೆ ಕೊಲ್ಹಾಪುರವೂ ಸಮೀಪ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ್ದಾರೆ.

ಹುಡುಗನ ಪರೀಕ್ಷೆಗಳು ಮಧ್ಯಾಹ್ನದವರೆಗೆ ನಡೆದವು. ಈಗ ಹುಡುಕುವುದು ಬರೀ ಗಡ್ಡೆಯನ್ನಲ್ಲ. ಮೊದಲ ಕೆಲವು ವರ್ಷ ರೋಗ ಮರಳಿದೆಯೇ ಎಂದು ನೋಡುತ್ತಾರೆ. ಆಮೇಲೆ ಚಿಕಿತ್ಸೆ ಬಿಟ್ಟುಹೋದ ಗುರುತುಗಳನ್ನು ನೋಡುತ್ತಾರೆ. ಡಾಕ್ಸೊರುಬಿಸಿನ್ ಎಂಬ ಔಷಧಿ ಜೀವ ಉಳಿಸುತ್ತದೆ, ಆದರೆ ವರ್ಷಗಳ ನಂತರ ಹೃದಯವನ್ನು ದುರ್ಬಲಗೊಳಿಸಬಹುದು. ಅದಕ್ಕಾಗಿ ಎಕೋ ಪರೀಕ್ಷೆ. ಹೊಟ್ಟೆಗೆ ಕೊಟ್ಟ ರೇಡಿಯೇಷನ್‌ನಿಂದ ಬೆನ್ನುಮೂಳೆ ಒಂದು ಕಡೆ ವಾಲಬಹುದು. ತಲೆಗೆ ಕೊಟ್ಟದ್ದರಿಂದ ಎತ್ತರ, ಓದು, ನೆನಪಿನ ಶಕ್ತಿಗೆ ಪೆಟ್ಟಾಗಬಹುದು. ಕೆಲವು ಔಷಧಿಗಳು ಮುಂದೆ ಸಂತಾನಕ್ಕೆ ತೊಡಕಾಗಬಹುದು. ಇದ್ದ ಒಂದೇ ಮೂತ್ರಪಿಂಡ ಎರಡರ ಕೆಲಸ ಮಾಡುತ್ತದೆ. ಅದನ್ನು ಕಾಯಲು ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಬೇಕು. ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು. ತಂಬಾಕು ಎಂದೂ ಮುಟ್ಟಬಾರದು, ಏಕೆಂದರೆ ಇಂಥವರಿಗೆ ಇನ್ನೊಂದು ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ ಹೆಚ್ಚು. ರಮಝಾನಿನ ಮೊದಲು ಅವನು ಪ್ರತಿವರ್ಷ ಡಾಕ್ಟರರನ್ನು ಕೇಳಿಯೇ ಉಪವಾಸ ಹಿಡಿಯುತ್ತಾನೆ. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳಲು ಸಂಕೋಚ ಬೇಕಿಲ್ಲ.

ಹೀಗೆ ಗುಣವಾದ ಮಕ್ಕಳಿಗಾಗಿಯೇ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1991ರಲ್ಲಿ ಡಾ. ಪೂರ್ಣಾ ಕುರ್ಕುರೆ ‘ಆಕ್ಟ್ ಕ್ಲಿನಿಕ್’ ಆರಂಭಿಸಿದರು. ಚಿಕಿತ್ಸೆ ಮುಗಿದ ನಂತರದ ಕ್ಲಿನಿಕ್ ಎಂಬುದು ಆ ಹೆಸರಿನ ಅರ್ಥ. ಗುಣವಾಗಿ ದೊಡ್ಡವರಾದವರು 2009ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ‘ಉಗಮ್’ ಎಂಬ ಬಳಗ ಕಟ್ಟಿಕೊಂಡಿದ್ದಾರೆ. ದೂರದಿಂದ ಬರುವ ಕುಟುಂಬಗಳಿಗೆ ಉಚಿತವಾಗಿ ತಂಗಲು ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳು ಮುಂಬಯಿಯಲ್ಲಿ 2006ರಲ್ಲಿ ಆರಂಭವಾದವು. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ಎಸಿ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗೆ ಹೋಗುವವರಿಗೆ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಇದು ಚಿಕಿತ್ಸೆಗೆ ಮಾತ್ರವಲ್ಲ, ತಪಾಸಣೆಯ ಪ್ರಯಾಣಕ್ಕೂ ಸಿಗುತ್ತದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಎಷ್ಟೋ ಬಡವರಿಗೆ ಇದು ತಿಳಿದೇ ಇಲ್ಲ.

ಸಂಜೆ ವರದಿ ಬಂತು. ಹೃದಯ ಕಳೆದ ವರ್ಷದಂತೆಯೇ ಇದೆ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಅಲ್‌ಹಮ್ದುಲಿಲ್ಲಾಹ್. ಹುಡುಗ ಕಾಗದಗಳನ್ನು ತಾನೇ ಓದಿ, ದಿನಾಂಕದ ಪ್ರಕಾರ ಚೀಲದೊಳಗೆ ಸೇರಿಸಿದ.

ಅಥಣಿಯ ಚಪ್ಪಲಿ ಹೊಲಿಯುವ ಮನೆಯಲ್ಲಿ

ಮರುದಿನ ಕಾಗವಾಡದ ಮೇಲೆಯೇ ಅಥಣಿಗೆ ಹೋದೆವು. ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವ ಪಾದರಕ್ಷೆಗಳಲ್ಲಿ ಎಷ್ಟೋ ಜೋಡಿ ಹುಟ್ಟುವುದು ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಯ ಮನೆಗಳಲ್ಲಿ. ಅದಕ್ಕೆ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ನಾವು ಹೋದದ್ದು ಅಂಥದೇ ಒಂದು ಮನೆಗೆ. ಅವರ ಆರು ವರ್ಷದ ಮಗಳಿಗೆ ವಿಲ್ಮ್ಸ್ ಗಡ್ಡೆಯಾಗಿತ್ತು. ಮುಂಬಯಿಯ ಆಸ್ಪತ್ರೆಯ ವರಾಂಡದಲ್ಲಿ ಕನ್ನಡ ಕೇಳಿ ಓಡಿಬಂದು ತಂಗಿಯ ಕೈ ಹಿಡಿದವರು ಆ ಮಗುವಿನ ತಾಯಿ. ಚಿಕಿತ್ಸೆ ಮುಗಿದು ಒಂದೂವರೆ ವರ್ಷವಾಗಿದೆ. ಆದರೆ ಎಂಟು ತಿಂಗಳಿಂದ ಅವರು ತಪಾಸಣೆಗೆ ಹೋಗಿಲ್ಲ ಎಂದು ಫೋನಿನಲ್ಲಿ ತಿಳಿದಾಗಿನಿಂದ ತಂಗಿಗೆ ನಿದ್ದೆ ಹತ್ತಿರಲಿಲ್ಲ.

ತೊಗಲು ಕತ್ತರಿಸುತ್ತಿದ್ದ ತಂದೆ ಎದ್ದು ಚಾಪೆ ಹಾಸಿದರು. ಮಗಳು ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದಳು.

‘ಆಕಿ ಆರಾಮ ಅದಾಳ್ರಿ ಅಕ್ಕಾರ. ಮತ್ತ ಯಾಕ ಕೆದರೂದು ಅಂತಾರ ಮನ್ಯಾಗ ಹಿರಿಯಾರು. ಹೋಗಿ ಬರಾಕ ನಾಕ ದಿನದ ಕೂಲಿ ಹೋಗ್ತೈತಿ’ ಎಂದರು ಅವರು. ಸ್ವಲ್ಪ ತಡೆದು ನೆಲ ನೋಡುತ್ತಾ, ‘ಖರೇ ಹೇಳ್ಬೇಕಂದ್ರ ಅಂಜಿಕಿರಿ. ಅಲ್ಲಿ ಏನ ಹೇಳ್ತಾರೋ ಅಂತ’ ಎಂದರು.

ತಂಗಿ ಅವರಿಗೆ ಉಪದೇಶ ಮಾಡಲಿಲ್ಲ. ‘ಅಂಜಿಕಿ ನಮಗೂ ಐತ್ರಿ ಅಣ್ಣಾ. ಹದಿನಾಲ್ಕ ವರ್ಸ ಆತು, ಒಂದ ಸಲಾನೂ ಅಂಜಿಕಿ ಇಲ್ದ ಹೋಗಿಲ್ಲ. ಅಂಜಕೋತನ ಹೋಗ್ತೀನಿ’ ಎಂದಳು.

ಆಗ ಮಾತನಾಡಿದ್ದು ಹುಡುಗ. ವಿಲ್ಮ್ಸ್ ಗಡ್ಡೆ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿಯೇ ಮರಳುತ್ತದೆ, ಬಹಳ ಸಲ ಶ್ವಾಸಕೋಶದಲ್ಲಿ, ಆರಂಭದಲ್ಲಿ ಕೆಮ್ಮು ಕೂಡ ಇರುವುದಿಲ್ಲ, ಅದು ಕಾಣುವುದು ಎಕ್ಸ್‌ರೇ ಅಥವಾ ಸ್ಕ್ಯಾನ್‌ನಲ್ಲಿ ಎಂದು ಅವನು ನಿಧಾನವಾಗಿ ವಿವರಿಸಿದ. ಮರಳಿದರೂ ಇದರಲ್ಲಿ ಗುಣವಾಗುವ ಮಕ್ಕಳು ಬಹಳ, ತನ್ನ ರೋಗಕ್ಕಿಂತ ಹೆಚ್ಚು ಎಂದ. ಆಮೇಲೆ ತನ್ನ ಟೋಪಿ ತೆಗೆದು ತಲೆಯ ಹಿಂದಿನ ಶಸ್ತ್ರಚಿಕಿತ್ಸೆಯ ಗೆರೆ ತೋರಿಸಿದ. ‘ನನಗ ಮತ್ತ ಬಂದಿತ್ರಿ ಕಾಕಾ. ಅವ್ವ ಲಗೂನ ಕರಕೊಂಡ ಹೋಗಿದ್ಲು. ಅದಕ್ಕ ಇಲ್ಲಿ ಕುಂತೀನಿ.’

ಯಾರೂ ಮಾತನಾಡಲಿಲ್ಲ. ತಾಯಿ ಒಳಗೆ ಹೋಗಿ ತೊಗಲಿನ ಕಟ್ಟಿನ ಹಿಂದಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೈಲ್ ತಂದರು. ಹುಡುಗ ಅದರಲ್ಲಿದ್ದ ನಂಬರಿಗೆ ಫೋನ್ ಹಚ್ಚಿದ. ಬಹಳ ಹೊತ್ತಿನ ನಂತರ ಆ ಕಡೆಯವರು ಎತ್ತಿದರು. ಮುಂದಿನ ವಾರದ ದಿನಾಂಕ ಸಿಕ್ಕಿತು. ರೈಲಿನ ರಿಯಾಯಿತಿಯ ಕಾಗದದ ಬಗ್ಗೆಯೂ ಅವನೇ ಬರೆದುಕೊಟ್ಟ. ನಾವು ಎದ್ದಾಗ ಆ ತಂದೆ ತಾವು ಹೊಲಿದ ಒಂದು ಜೋಡಿ ಚಪ್ಪಲಿಯನ್ನು ಹುಡುಗನ ಕಾಲ ಬಳಿ ಇಟ್ಟರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ರಾಯಬಾಗದ ಕಡೆಗೆ

ಉಗಾರ ತಲುಪುವಾಗ ಅಸರ್ ಹೊತ್ತು. 1939ರಲ್ಲಿ ಸ್ಥಾಪನೆಯಾದ ಅಲ್ಲಿನ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಗಾಳಿಯಲ್ಲಿ ಕಾದ ಕಬ್ಬಿನ ಹಾಲಿನ ವಾಸನೆ. ಮತ್ತೊಮ್ಮೆ ಕೃಷ್ಣೆಯನ್ನು ದಾಟಿ ಕುಡಚಿಗೆ ಬಂದೆವು. ಅಲ್ಲಿ ನಮಾಝ್ ಮಾಡಿಕೊಂಡು ರಾಯಬಾಗದ ಬಸ್ಸು ಹಿಡಿದೆವು.

ಹುಡುಗ ಹೊಸ ಚಪ್ಪಲಿ ಹಾಕಿಕೊಂಡು ಮುಂದೆ ನಡೆಯುತ್ತಿದ್ದ. ಸ್ವಲ್ಪ ಗಿಡ್ಡ ಆಳು. ಬೆನ್ನು ಎಡಕ್ಕೆ ಕೊಂಚ ವಾಲಿದೆ. ಪರೀಕ್ಷೆಯಲ್ಲಿ ಬರೆಯಲು ಅವನಿಗೆ ಇತರರಿಗಿಂತ ಹೆಚ್ಚು ಹೊತ್ತು ಬೇಕು. ಬದುಕುಳಿಯುವುದಕ್ಕೆ ಅವನು ಕೊಟ್ಟ ಬೆಲೆ ಇದು. ಗುಣವಾಗಿದ್ದಾನಲ್ಲ, ಇನ್ನೇನು ಎಂದು ಕೇಳುವವರಿಗೆ ಈ ಬೆಲೆ ಕಾಣುವುದಿಲ್ಲ. ಆದರೆ ಅವನ ಹೆಗಲ ಮೇಲೆ ಆ ಚೀಲವಿತ್ತು, ಅದರೊಳಗೆ ಅವನ ಜೀವನದ ಲೆಕ್ಕವಿತ್ತು.

ಸಹೋದರಿಯರೇ, ನಿಮ್ಮ ಓಣಿಯಲ್ಲಿ ಕ್ಯಾನ್ಸರಿನಿಂದ ಗುಣವಾದ ಮಗುವಿದ್ದರೆ ಒಮ್ಮೆ ಆ ಮನೆಗೆ ಹೋಗಿ ಬನ್ನಿ. ರೋಗವನ್ನು ನೆನಪಿಸಲಿಕ್ಕಲ್ಲ. ಮುಂದಿನ ತಪಾಸಣೆ ಯಾವಾಗ, ಜೊತೆಗೆ ಯಾರು ಬರುತ್ತಾರೆ, ಬಸ್ಸಿನ ಖರ್ಚಿಗೆ ಇದೆಯೇ ಎಂದು ಕೇಳಿ. ದುಆ ಮಾಡುವ ಕೈ ಫೈಲಿನ ಚೀಲವನ್ನೂ ಒಂದಿಷ್ಟು ದೂರ ಹೊರಲಿ. ಅಥಣಿಯ ಆ ಮಗುವಿಗೂ, ನಮ್ಮ ಹುಡುಗನಿಗೂ, ಈ ದಾರಿಯಲ್ಲಿ ಹೊರಟ ಎಲ್ಲ ಮಕ್ಕಳಿಗೂ ಅಲ್ಲಾಹನು ಆರೋಗ್ಯ ಕರುಣಿಸಲಿ, ಆಮೀನ್.